ಟೈಲೆಂಡು

ಡಾಕ್ಟರು ಚೀಟಿಯ ಹಿಂದೆ ಬರೆದು ತೋರಿಸಿದರು:
ಎ, ಆರ್, ಐ, ಡಿ, ಒಂದು, ಬಿ.
ನಮ್ಮ ನಾಲೆಯ ತೂಬುಗಳಿಗೂ ಹೀಗೇ ನಂಬರು,
ಹನ್ನೆರಡು ಎಲ್, ಹದಿನಾಲ್ಕು ಆರ್.
ಎಡಕ್ಕಾ ಬಲಕ್ಕಾ ಮೇಡಂ, ಅಂದುಬಿಟ್ಟೆ.
ಅವರು ನಗಲಿಲ್ಲ.
ಆರನೇ ಕ್ರೋಮೋಸೋಮು, ತುದಿಯ ಕಡೆಗೆ, ಅಂದರು.

ಬೆಳಗಿನ ಪ್ಯಾಸೆಂಜರಿಗೆ ಮಂಡ್ಯ ಬಿಟ್ಟಿದ್ದೆವು.
ಮೈಸೂರಿನ ಈ ವಾಕ್ ಶ್ರವಣ ಸಂಸ್ಥೆಯ ಬೆಂಚಿನ ಮೇಲೆ
ಸಿಂಚನ ನನ್ನ ತೊಡೆಯಲ್ಲಿ,
ಮೂರು ವರ್ಷ ಎರಡು ತಿಂಗಳು,
ಒಂದು ಮಾತಿಲ್ಲ.
ಕಿರುಬೆರಳಿಗೆ ಉಗುರಿಲ್ಲ,
ಇರಬೇಕಾದಲ್ಲಿ ನುಣ್ಣನೆ ಚರ್ಮ,
ನಾಟಿ ಮಾಡಲು ಮರೆತ ಗದ್ದೆಮೂಲೆ.

ಬರಹವೆಲ್ಲ ಇದೆ, ಅಂದರು ಡಾಕ್ಟರು.
ಉಂಡೆ ಉಂಡೆಗೆ ಸುತ್ತಿಟ್ಟಿದೆ.
ಬಿಗಿಯಾಗಿ ಸುತ್ತಿದ್ದನ್ನು ಯಾರೂ ಓದಲಾರರು.
ಎಲ್ಲಿ, ಯಾವಾಗ, ಎಷ್ಟು ಸಡಿಲ ಬಿಡಬೇಕೆಂದು
ನೋಡಿಕೊಳ್ಳಲು ಒಂದು ತಂಡವಿದೆ ಜೀವಕೋಶದೊಳಗೆ.
ಆ ತಂಡದ ಒಬ್ಬ ಆಳಿನ ಬರಹ ಇದು.
ಎರಡು ಪ್ರತಿ ಇರುತ್ತದೆ.
ಇವಳಲ್ಲಿ ಒಂದು ನಡುವೆಯೇ ತುಂಡು.

ಹತ್ತೊಂಬತ್ತು ವರ್ಷದಿಂದ ನೀರುಗಂಟಿ ನಾನು.
ಎರಡು ತಿರುಪಿನ ತೂಬಿನಲ್ಲಿ ಒಂದು ಕಚ್ಚಿಕೊಂಡರೆ
ಹಲಗೆ ಓರೆಯಾಗಿ ಅರ್ಧ ಏಳುತ್ತದೆ.
ನೀರು ಹೋಗುವುದಿಲ್ಲವೆಂದಲ್ಲ, ಹೋಗುತ್ತದೆ.
ಮೇಲಿನ ಗದ್ದೆಯವರಿಗೆ ಗೊತ್ತೇ ಆಗದು,
ಅವರ ಬದುವಿನ ಮೇಲೆ ಕೊಕ್ಕರೆ ನಿಂತೇ ಇರುತ್ತದೆ.
ಟೈಲೆಂಡಿನವರು ಮಾತ್ರ
ಸೈಕಲ್ಲು ತುಳಿದು ಬಂದು ಕೇಳುತ್ತಾರೆ:
ಯಾಕಣ್ಣ, ನಮಗಿನ್ನೂ ಬಂದಿಲ್ಲವಲ್ಲ?

ಕಿರುಬೆರಳು ಟೈಲೆಂಡು.
ನಾಲಿಗೆ ಟೈಲೆಂಡು.

ತಿರುಪಿಗಾದರೆ ಗ್ರೀಸಿದೆ, ಇದಕ್ಕೇನಿದೆ, ಅಂದೆ.
ಸದ್ಯಕ್ಕೆ ಇಲ್ಲ, ಅಂದರು. ಸುಳ್ಳು ಹೇಳಲಿಲ್ಲ.
ಕಲಿಸಬಹುದು. ನಿಧಾನ ಆಗುತ್ತದೆ.

ಅಲ್ಲಿಯವರೆಗೆ ಸುಕನ್ಯ ಬಾಯಿ ಬಿಟ್ಟಿರಲಿಲ್ಲ.
ಸುಕನ್ಯ ನನ್ನ ಅಕ್ಕನ ಮಗಳು.
'ಸ್ವಂತದಲ್ಲೇ ಮಾಡ್ಕಂಡ್ರೆ ಇನ್ನೇನಾದದು'
ಎಂದು ಬೀದಿಗೆಲ್ಲ ಕೇಳುವಂತೆ ಆಡಿದವಳು ನನ್ನವ್ವ ಹೊಂಬಾಳಮ್ಮ;
ಹೆಣ್ಣು ಹೊರಗೆ ಹೋಗಬಾರದು ಅಂತ
ಮುಂದೆ ನಿಂತು ತಾಳಿ ಕಟ್ಟಿಸಿದವಳೂ ಅವಳೇ.

ಇಬ್ಬರ ರಕ್ತವನ್ನೂ ನೋಡಿದೆವು, ಅಂದರು ಡಾಕ್ಟರು,
ನಿಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ.
ಇವಳಲ್ಲೇ ಹೊಸದಾಗಿ ಆದದ್ದು.
ಸಂಬಂಧದಲ್ಲಿ ಮದುವೆಯಾದದ್ದಕ್ಕೂ ಇದಕ್ಕೂ ನಂಟಿಲ್ಲ.

'ಇನ್ನೊಂದ್ಸಲ ಹೇಳಿ ಮೇಡಂ' ಅಂದಳು ಸುಕನ್ಯ.
ಹೇಳಿದರು.
'ಬರ್ದುಕೊಡಿ.'
ಬರೆದೂ ಕೊಟ್ಟರು.
ವಾಪಸು ರೈಲಿನಲ್ಲಿ, ಶ್ರೀರಂಗಪಟ್ಟಣದ ಸೇತುವೆ ಸದ್ದು ಮಾಡುವಾಗ,
ಆ ಚೀಟಿಯನ್ನು ರವಿಕೆಯೊಳಗೆ ಸಿಕ್ಕಿಸಿ
'ಚುರುಮುರಿ ಕೊಡ್ಸು ಮಾವ' ಅಂದಳು.
ಒಂದು ವರ್ಷದ ಮೇಲೆ ತಾನಾಗಿ ಕೇಳಿದ್ದು.

ಈಗ ಪ್ರತಿ ಸೋಮವಾರ ಫರ್ಹಾನ ಮೇಡಂ
ಕನ್ನಡಿಯ ಮುಂದೆ ಇವಳನ್ನು ಕೂರಿಸಿ
ತುಟಿಯೆದುರು ಕಾಗದದ ಪಟ್ಟಿ ಹಿಡಿಯುತ್ತಾರೆ:
ಪ. ಪ. ಪ.
ಅವರದು ಹಾರುತ್ತದೆ, ನನ್ನದು ಹಾರುತ್ತದೆ.
ಇವಳು ಕನ್ನಡಿ ನೆಕ್ಕುತ್ತಾಳೆ.

ರಾತ್ರಿ ಪಾಳಿ ಇದ್ದಾಗ ತೂಬು ಎತ್ತಿ ಮಲಗುವುದು ಬಿಟ್ಟಿದ್ದೇನೆ.
ಬ್ಯಾಟರಿ ಹಿಡಿದು ನಾಲೆಯ ಏರಿ ಮೇಲೆ
ನೀರಿಗಿಂತ ಮುಂಚೆ ಹೋಗಿ
ಕೊನೆಯ ಮಡೆಯ ಹತ್ತಿರ ಕುಕ್ಕರುಗಾಲಲ್ಲಿ ಕೂರುತ್ತೇನೆ.
ಮೂರೂವರೆಯ ಹೊತ್ತಿಗೆ ಬರುತ್ತದೆ ಒಮ್ಮೊಮ್ಮೆ.
ಕಣ್ಣಿಗೆ ಕಾಣುವ ಮೊದಲು
ಏಡಿಯ ಬಿಲದೊಳಗೆ ಗುಳುಗುಳು.
ಒಮ್ಮೊಮ್ಮೆ ಬೆಳಕು ಹರಿದರೂ ಇಲ್ಲ.

ನಿನ್ನೆ ಸಂಜೆ ಜಗಲಿಯ ಮೇಲೆ
ಸುಕನ್ಯ ಮಗಳಿಗೆ ಕೆಂಪು ನೈಲ್ ಪಾಲಿಶ್ ಹಚ್ಚುತ್ತಿದ್ದಳು.
ನಾಲ್ಕು ಬೆರಳಾಯಿತು, ಮುಚ್ಚಳ ತಿರುಗಿಸಿದಳು.
ಕಿರುಬೆರಳು ಮುಂದೆ ಬಂತು.
ಮುಚ್ಚಳ ಮತ್ತೆ ತೆಗೆದು
ಉಗುರಿಲ್ಲದಲ್ಲಿಗೂ ಹಚ್ಚಿದಳು, ಬರಿ ಚರ್ಮದ ಮೇಲೆ,
ಗೆರೆ ದಾಟದ ಹಾಗೆ, ಯಾವ ಗೆರೆಯೋ.

ಒಣಗಲೆಂದು ಇವಳು ಕೈ ಎತ್ತಿ ಹಿಡಿದು
ತುಟಿ ಮುಂದೆ ಮಾಡಿ
ಊದಿದಳು.

ಅದು ಮಾತಲ್ಲ.
ಸೋಮವಾರ ಮೇಡಂಗೆ ಹೇಳಬೇಕು.